ಚಾವಣಿಯ ಹನ್ನೊಂದು

ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಹೊಸ ಹುಡುಗರು ಮರ್ಯಾದೆಗೆ ಒಂದು ಅಣ್ಣ ಸೇರಿಸಿ ಏಣಿಯಣ್ಣ ಅನ್ನುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಬಾಸ್ಕೆಟ್‌ಬಾಲ್ ಆಡಲು ಸಂಬಳಕ್ಕೆ ಸೇರಿದವನು, ಮೂವತ್ತೇಳಾದರೂ ಬೇರೆ ಕ್ಲಬ್ಬಿನ ಹೊಸ್ತಿಲು ತುಳಿದಿರಲಿಲ್ಲ. ಬೆನ್ನಿನ ಮೇಲಿನ ಹನ್ನೊಂದನೇ ಸಂಖ್ಯೆಯನ್ನೂ ಬದಲಿಸಿರಲಿಲ್ಲ. ಆ ಎರಡು ನೆಟ್ಟಗಿನ ಗೆರೆ ನೋಡಿಯೇ ಯಾರೋ ಏಣಿ ಅಂದದ್ದು, ತನ್ನ ಎತ್ತರ ನೋಡಿ ಅಲ್ಲ ಎಂದು ಅವನ ವಾದ. ಬಾಗಿಲಿಗೆ ಹಣೆ ಹೊಡೆಸಿಕೊಂಡು ಉಜ್ಜಿಕೊಳ್ಳುತ್ತಲೇ ಹೀಗೆ ವಾದಿಸುತ್ತಿದ್ದರಿಂದ ಯಾರೂ ನಂಬುತ್ತಿರಲಿಲ್ಲ.

ಎಡವಟ್ಟಾದದ್ದು ಕಳೆದ ಸೀಸನ್ನಿನ ಕೊನೆಯ ಪಂದ್ಯದಲ್ಲಿ. ಹೊಸ ಶೂ ಹೆಬ್ಬೆರಳನ್ನು ಕಚ್ಚಿ ಕಚ್ಚಿ ರಕ್ತ ಬರಿಸಿತ್ತು. ಆಟ ಮುಗಿದ ಸದ್ದು ಕೇಳಿದ್ದೇ ತಡ, ಅವನು ಅಂಗಣದ ನಟ್ಟನಡುವೆ ಕುಕ್ಕರಿಸಿ, ಎರಡೂ ಶೂ ಬಿಚ್ಚಿ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಕುಂಟುತ್ತ ಒಳಗೆ ಹೋದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಂದಿಬ್ಬರು ಕಣ್ಣೊರೆಸಿಕೊಂಡರು. ಗೆದ್ದ ಖುಷಿ ಇರಬೇಕು ಅಂದುಕೊಂಡ. ಶೂ ಕಳಚಿಟ್ಟು ಹೋಗುವುದೆಂದರೆ ಆಟಕ್ಕೆ ವಿದಾಯ ಹೇಳುವುದು ಎಂದು ಆಟ ಬಲ್ಲವರಿಗೆಲ್ಲ ಗೊತ್ತು. ಅವನಿಗೂ ಗೊತ್ತಿತ್ತು. ಆದರೆ ಹೆಬ್ಬೆರಳು ಹಾಗೆ ಉರಿಯುವಾಗ ಅದೆಲ್ಲ ಯಾರಿಗೆ ಹೊಳೆಯುತ್ತದೆ?

ರಜೆಯಲ್ಲಿ ಜನ ಅವನ ಜೊತೆ ವಿಚಿತ್ರವೆನಿಸುವಷ್ಟು ಮೃದುವಾಗಿದ್ದರು. ಕ್ಷೌರದವನು ಕತ್ತರಿ ನಿಲ್ಲಿಸಿ, "ಇನ್ನಾದ್ರೂ ಆರಾಮಾಗಿರಿ ಸಾರ್" ಅಂದ. ಹಾಲಿನಂಗಡಿಯಾಕೆ, "ಒಂದಲ್ಲ ಒಂದಿನ ಎಲ್ಲರಿಗೂ ಬರೋದೇ, ಬೇಜಾರು ಮಾಡ್ಕೋಬೇಡಿ" ಅಂದಳು. ಹೆಬ್ಬೆರಳಿನ ಉಗುರಿನ ಮಾತಿರಬೇಕು ಎಂದು ಅವನು, "ಹೌದು, ಉದುರಿ ಹೋಯ್ತು, ಹೊಸದು ಬರ್ತಾ ಇದೆ" ಎಂದು ಉತ್ತರಿಸಿದ. ಆಕೆ ಕಕ್ಕಾಬಿಕ್ಕಿಯಾಗಿ ಚಿಲ್ಲರೆ ಹೆಚ್ಚಿಗೆ ಕೊಟ್ಟಳು. ತನ್ನ ಪಂದ್ಯದ ವರದಿ ಓದುವ ಅಭ್ಯಾಸ ಅವನಿಗಿರಲಿಲ್ಲ. ಕ್ಲಬ್ಬಿನಿಂದ ಫೋನ್ ಬಾರದಿದ್ದುದೂ ಅವನಿಗೆ ವಿಶೇಷ ಅನ್ನಿಸಲಿಲ್ಲ. ಪ್ರತಿ ವರ್ಷ ಅಭ್ಯಾಸದ ಮೊದಲ ದಿನವೇ ಅವನು ಒಪ್ಪಂದಕ್ಕೆ ಸಹಿ ಹಾಕುತ್ತಿದ್ದುದು.

ಆ ಮೊದಲ ದಿನ ಚೀಲ ಹೆಗಲಿಗೇರಿಸಿ ಒಳಗೆ ಬಂದವನು ರೂಢಿಯಂತೆ ದೀಪಗಳ ಕಡೆ ಕತ್ತೆತ್ತಿದ. ಚಾವಣಿಯ ಕಬ್ಬಿಣದ ತೊಲೆಯಿಂದ ಅವನದೇ ಜೆರ್ಸಿ ತೂಗುತ್ತಿತ್ತು. ಡಬಲ್ ಹಾಸಿಗೆಯ ಹೊದಿಕೆಯಷ್ಟು ಅಗಲ, ನಡುವೆ ಹನ್ನೊಂದು. ಆಟದಿಂದ ನಿವೃತ್ತರಾದವರ ಗೌರವಕ್ಕಷ್ಟೇ ಹಾಗೆ ಜೆರ್ಸಿ ಮೇಲೇರುವುದು. ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಅವನ ಕಪಾಟಿನಲ್ಲಿ ಇನ್ನೊಬ್ಬನ ಬಟ್ಟೆ. ಆ ಇನ್ನೊಬ್ಬ ಅವನಿಗಿಂತ ಒಂದು ಗೇಣು ಎತ್ತರದ, ಅವನ ಸ್ಥಾನದಲ್ಲೇ ಆಡುವ ಹೊಸ ಸೆಂಟರ್ ಆಟಗಾರ; ಒಂಟೆಯಂಥ ಕತ್ತು, ಹಾಗಾಗಿ ಆಗಲೇ ಒಂಟೆ ಎಂಬ ಹೆಸರು ಬಿದ್ದಿತ್ತು.

"ಏಣಿಯಣ್ಣ! ನಮ್ಮನ್ನ ನೋಡೋಕೇ ಬಂದ್ರಾ? ಎಷ್ಟು ದೊಡ್ಡ ಮನಸ್ಸು ನಿಮ್ದು!" ಅಂದ ಅವನು.

"ಹೂಂ... ಹೀಗೇ ಈ ಕಡೆ ಬಂದಿದ್ದೆ" ಅಂದ ಏಣಿ, ಚೀಲ ಬೆನ್ನ ಹಿಂದೆ ಅಡಗಿಸುತ್ತ. ಅಷ್ಟು ದೊಡ್ಡ ಚೀಲ ಅಡಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಆಕೆ ಯಾವುದಕ್ಕೂ ಬೇಗ ಬೆಚ್ಚುವವಳಲ್ಲ. ಈಗ ಮಾತ್ರ ಕಣ್ಣು ಕಣ್ಣು ಬಿಟ್ಟಳು.

"ಅಂದ್ರೆ ನೀವು ಬಿಟ್ಟಿಲ್ವಾ?"

"ಬಿಟ್ಟಿದ್ದು ಶೂ ಕಣೇ!"

ಆಕೆ ನಗು ತಡೆಯಲಾರದೆ ಸಿಂಕ್ ಹಿಡಿದುಕೊಂಡಳು. "ನೀವಾಗೇ ಬಾಯಿ ಬಿಡಲಿ ಅಂತ ಸುಮ್ನಿದ್ದೆ ರೀ. ಅಪ್ಪನ ಮುಂದೆ ಬಾಸ್ಕೆಟ್‌ಬಾಲ್ ಅನ್ನೋ ಶಬ್ದ ಎತ್ತಬೇಡ ಅಂತ ನಿಮ್ಮ ಮಗಳಿಗೂ ತಾಕೀತು ಮಾಡಿದೀನಿ."

"ಅದಕ್ಕೇನಾ ಅವಳು ಪಂದ್ಯ ಬಂದಾಗೆಲ್ಲ ಮೀನು ಹಿಡಿಯೋ ಚಾನೆಲ್ ಹಾಕ್ತಿದ್ದಿದ್ದು?"

"ನಂಗೀಗ ಎಲ್ಲ ಮೀನಿನ ಹೆಸರೂ ಗೊತ್ತು" ಎಂದು ಮಗಳು ಒಳಕೋಣೆಯಿಂದ ಕೂಗಿದಳು.

ಮರುದಿನ ಬಂದರಿನ ಕ್ಲಬ್ಬಿನ ಮ್ಯಾನೇಜರ್ ಫೋನ್ ಮಾಡಿದ. ಇಷ್ಟು ವರ್ಷ ಏಣಿಯ ಕೈಯಲ್ಲಿ ಸೋತು ಸೋತು ಬಳಲಿದ ಕ್ಲಬ್ ಅದು. ಏಣಿ ಚೀಲ ಹೊತ್ತು ಅಭ್ಯಾಸಕ್ಕೆ ಹೋಗಿದ್ದ ಸುದ್ದಿ ಹೇಗೋ ಅವರ ಕಿವಿಗೂ ಬಿದ್ದಿತ್ತು. "ಇನ್ನೂ ಓಡಾಡ್ತಿರೋ ಮನುಷ್ಯನ್ನ ನಿಮ್ಮೋರು ಮೇಲಕ್ಕೆ ತೂಗುಹಾಕಿಬಿಟ್ರಲ್ಲ! ನಮ್ಮಲ್ಲಿ ಬನ್ನಿ. ಎರಡು ವರ್ಷ. ಅಂಗಣಕ್ಕಿಳಿಯೋ ಮೊದಲ ಐವರಲ್ಲಿ ನೀವಿರ್ತೀರಿ. ಹನ್ನೊಂದನ್ನೇ ಕೊಡ್ತೀವಿ."

ಫೋನಿಟ್ಟ ಏಣಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ತನಗೆ ಬೇಕಾದದ್ದು ಆಟವೋ ಕ್ಲಬ್ಬೋ ಎಂದು ಅವನು ಎಂದೂ ಯೋಚಿಸಿದವನಲ್ಲ. ಒಂದೇ ನೀರಿನಲ್ಲಿ ಎರಡು ವಸ್ತು ಕರಗಿದ್ದರೆ ಯಾವ ರುಚಿ ಯಾವುದರದು ಎಂದು ನಾಲಿಗೆಗೆ ತಿಳಿಯದು. ಬೇರೆ ಮಾಡಿ ನೋಡಿದರಷ್ಟೇ ಗೊತ್ತಾಗುವುದು. ಈಗ ಯಾರೋ ಬೇರೆ ಮಾಡಿ ಎರಡು ಲೋಟದಲ್ಲಿ ಮುಂದಿಟ್ಟಿದ್ದರು. ಬಂದರಿನಲ್ಲಿ ಇಡೀ ಪಂದ್ಯ ಆಡಬಹುದು. ಇಲ್ಲಿ ಬೇಡಿಕೊಂಡರೆ ಬದಲಿ ಆಟಗಾರರ ಬೆಂಚು ಸಿಕ್ಕೀತು, ಅದೂ ಸಿಕ್ಕರೆ.

"ನೀನು ಅವರ ಕಡೆ ಆಡಿದ್ರೆ ಬಾಲ್ ಒಳಗೆ ಬೀಳದಿರಲಿ ಅಂತ ನಾನು ಕೂಗಬೇಕಾಗುತ್ತೆ ಅಪ್ಪ" ಅಂದಳು ಮಗಳು. "ಕೂಗ್ತೀನಿ. ಹೇಳಿಲ್ಲ ಅನ್ಬೇಡ."

ಅವನು ಜೋರಾಗಿ ನಕ್ಕ. ನಗುತ್ತಿರುವಾಗಲೇ ಉತ್ತರ ತನ್ನೊಳಗೆ ಆಗಲೇ ಬಂದು ಕೂತಿದೆ ಎಂದು ಗೊತ್ತಾಯಿತು. ಅವನಿಗೆ ಆಡಬೇಕಿತ್ತು, ಇಲ್ಲೇ ಆಡಬೇಕಿತ್ತು, ಕಡಿಮೆಯಾದರೂ ಸರಿ.

ಕೋಚ್ ಒಂದು ಕಾಲದಲ್ಲಿ ಅವನ ಕೈಕೆಳಗೆ ಆಡಿದವನು, ಎರಡು ವರ್ಷ ಕಿರಿಯ. ಅಂಗಣದಲ್ಲಿ ಏಣಿ ಅವನನ್ನು ಸಾರ್ ಅನ್ನುತ್ತಿದ್ದ, ಹೊರಗೆ ಲೋ ಅನ್ನುತ್ತಿದ್ದ. ಅವತ್ತು ಕೋಚ್‌ನ ಕೋಣೆಯ ಬಾಗಿಲಲ್ಲಿ ನಿಂತು ಯಾವುದನ್ನು ಬಳಸಬೇಕೆಂದು ತಿಳಿಯದೆ, "ಲೋ ಸಾರ್" ಅಂದ.

ಕಥೆ ಕೇಳಿ ಕೋಚ್ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಗಂಭೀರನಾದ. "ಅಣ್ಣಾ, ಮುಚ್ಚುಮರೆ ಬೇಡ. ಒಂಟೆ ನಿನಗಿಂತ ಬೇಗ ಓಡ್ತಾನೆ. ಮೊದಲ ಐವರಲ್ಲಿ ನೀನಿರಲ್ಲ. ಕೆಲವು ದಿನ ಕೂತೇ ಇರಬೇಕಾಗುತ್ತೆ. ಆಗುತ್ತಾ?"

"ಕೂರ್ತೀನಿ" ಅಂದ ಏಣಿ. "ಆದ್ರೆ ಕಾಲು ಚಾಚೋಕೆ ಜಾಗ ಬಿಡಿಸು."

"ನಂಗೆ ಸರಿ. ಮೇಡಂ ಹತ್ರ ನೀನೇ ಮಾತಾಡು. ನಂಗೆ ಧೈರ್ಯ ಇಲ್ಲ."

ಕ್ಲಬ್ಬಿನ ಕಾರ್ಯದರ್ಶಿ ಮೇಡಂ ಅವನನ್ನು ಹತ್ತೊಂಬತ್ತರಿಂದ ಕಂಡವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಅವತ್ತು ಅತ್ತಿದ್ದೀನಿ, ಗೊತ್ತಾ? ಶೂ ಎತ್ತಿಟ್ಕೊಂಡು ಗಾಜಿನ ಪೆಟ್ಟಿಗೆ ಮಾಡಿಸಿದೀನಿ. ನಿನಗೆ ಅಚ್ಚರಿ ಇರಲಿ ಅಂತ ಹೇಳದೆ, ಮೊದಲ ಪಂದ್ಯದ ಟಿಕೆಟ್ ಮೇಲೆಲ್ಲ ನಿನ್ನ ವಿದಾಯ ಅಂತ ಅಚ್ಚು ಹಾಕಿಸಿದೀನಿ. ಈಗ ಬಂದು ಶೂ ಕಚ್ತು ಅಂತೀಯಲ್ಲ!"

"ತಪ್ಪಾಯ್ತು ಮೇಡಂ. ಆ ಜೆರ್ಸಿ ಇಳಿಸಿಬಿಟ್ರೆ..."

"ಇಳಿಸೋ ಮಾತೇ ಇಲ್ಲ. ಏರಿಸಿದ ಕ್ರೇನ್ ವಾಪಸ್ ಹೋಯ್ತು. ಮೇಲೇರಿದ ಸಂಖ್ಯೆಯನ್ನ ಇನ್ಯಾರೂ ಹಾಕೋ ಹಾಗಿಲ್ಲ. ನಾನೇ ಮಾಡಿದ ನಿಯಮ."

"ಯಾರೂ ಅಂದ್ರೆ ನಾನೂನಾ?"

"ಯಾರೂ ಅಂದ್ರೆ ಯಾರೂ." ಮೇಡಂ ಕನ್ನಡಕ ಹಾಕಿಕೊಂಡರು. ಬಾಯಂಚಿನಲ್ಲಿ ನಗು ಇಣುಕಿತ್ತು. "ಬೇರೆ ಸಂಖ್ಯೆ ಹಾಕ್ಕೊಂಡು ಸಹಿ ಮಾಡ್ತೀಯಾದ್ರೆ ಕೂತ್ಕೋ."

ಅವನು ಕೂತುಕೊಂಡ.

ಸಂಖ್ಯೆ ಆರಿಸಿದ್ದು ಮಗಳು. "ನಿನ್ನ ವಯಸ್ಸೇ ಹಾಕಿಸ್ಕೋ ಅಪ್ಪ. ಆಗ ಯಾರೂ ಎಷ್ಟು ವಯಸ್ಸು ಅಂತ ಕೇಳಲ್ಲ."

ಮೊದಲ ಪಂದ್ಯದ ದಿನ, ಅಚ್ಚಾದದ್ದು ಅಚ್ಚಾಗಿತ್ತಾದ್ದರಿಂದ, ವಿದಾಯ ಸಮಾರಂಭವೂ ಸಾಂಗವಾಗಿ ನಡೆಯಿತು. ಏಣಿ ಕೋಟು ಹಾಕಿಕೊಂಡು ಹೂಗುಚ್ಛ ತೆಗೆದುಕೊಂಡ. ಜನ ಮತ್ತೊಮ್ಮೆ ಎದ್ದು ನಿಂತರು, ಮತ್ತೊಮ್ಮೆ ಅತ್ತರು. ಅವನು ಹೂಗುಚ್ಛವನ್ನು ಹೆಂಡತಿಯ ಕೈಗೆ ಕೊಟ್ಟು, ಕೋಟು ಬಿಚ್ಚಿ, ಬೆಂಚಿನ ಮೇಲೆ ಹುಡುಗರ ಸಾಲಿನಲ್ಲಿ ಕೂತ. ಬೆನ್ನ ಮೇಲೆ ಮೂವತ್ತೇಳು. ಅತ್ತವರು ಮೂಗೊರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದರು.

ಆಟ ಶುರುವಾಯಿತು. ಒಂಟೆ ನಿಜಕ್ಕೂ ಬೇಗ ಓಡುತ್ತಿದ್ದ. ಏಣಿ ನೋಡುತ್ತ ಕೂತ, ನೀರು ಕುಡಿದ, ಹೊರಬಂದ ಹುಡುಗರಿಗೆ ಟವೆಲ್ ಕೊಟ್ಟ. ಮೊದಲರ್ಧ ಹಾಗೇ ಮುಗಿಯಿತು. ಕೂರುವುದು ಇಷ್ಟು ಕಷ್ಟ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎರಡನೇ ಅರ್ಧ ಸ್ವಲ್ಪ ಕಳೆದ ಮೇಲೆ ಒಂಟೆಗೆ ಏದುಸಿರು ಹತ್ತಿತು. ಕೋಚ್ ತಿರುಗಿ, "ಅಣ್ಣಾ, ಏಳು" ಅಂದ.

ಅವನು ಎಷ್ಟು ಉತ್ಸಾಹದಿಂದ ನುಗ್ಗಿದನೆಂದರೆ, ಚೆಂಡು ಮುಟ್ಟುವ ಮೊದಲೇ ಎದುರಾಳಿಯ ಮೈಮೇಲೆ ಬಿದ್ದ. ರೆಫರಿ ಸೀಟಿ ಊದಿದರು. ಫೌಲ್ ಮಾಡಿದವನ ಸಂಖ್ಯೆಯನ್ನು ಬೆರಳಿನಲ್ಲಿ ಸ್ಕೋರು ಬರೆಯುವ ಮೇಜಿಗೆ ತೋರಿಸಬೇಕು. ವರ್ಷಗಳ ಅಭ್ಯಾಸಬಲದಿಂದ ಅವರ ಬೆರಳು ಹನ್ನೊಂದು ತೋರಿಸಿತು.

ಮೇಜಿನಲ್ಲಿದ್ದವನು ಪೇಚಿಗೆ ಬಿದ್ದ. "ಸಾರ್, ಹನ್ನೊಂದು ಆಟದಲ್ಲಿಲ್ಲ. ಅದು ಮೇಲಿದೆ" ಎಂದು ಚಾವಣಿ ತೋರಿಸಿದ. ರೆಫರಿ ಮೇಲೆ ನೋಡಿದರು. ಆಟಗಾರರು ನೋಡಿದರು. ಇಡೀ ಕ್ರೀಡಾಂಗಣ ಕತ್ತೆತ್ತಿತು.

ಏಣಿ ಮಾತ್ರ ಮೇಲೆ ನೋಡಲಿಲ್ಲ. ಬೆನ್ನು ತಿರುಗಿಸಿ ಹೆಬ್ಬೆರಳಿನಿಂದ ತನ್ನ ಸಂಖ್ಯೆ ತೋರಿಸುತ್ತ, ಸಂತೋಷದಿಂದ ಕೈಯೆತ್ತಿ ಕೂಗಿದ:

"ಸಾರ್, ಬರ್ಕೊಳ್ಳಿ, ಮೂವತ್ತೇಳು! ಫೌಲ್ ನಂದೇ!"