ಒಪ್ಪದವರು ಎಂಟರೊಳಗೆ ಬರೆಯಿರಿ

ಒಗ್ಗರಣೆಗೆಂದು ಮಂಡಕ್ಕಿಯನ್ನು ಆಗಷ್ಟೇ ನೀರಿಗೆ ಹಾಕಿದ್ದೆ. ಒಲೆಯ ಪಕ್ಕದ ಫೋನು ಗುಂಯ್ ಎಂದಿತು. ನಮ್ಮ ಪಾರ್ವತಿನಗರದ ಸ್ಕೂಲ್ ವ್ಯಾನಿನ ವಾಟ್ಸಾಪ್ ಗುಂಪು. ಮೂವತ್ತೊಂದು ತಂದೆತಾಯಿಯರು ಸೇರಿ ಆ ವ್ಯಾನನ್ನು ಗೊತ್ತು ಮಾಡಿದ್ದೇವೆ. ಮೂರು ವರ್ಷದಿಂದ ಗುಂಪಿನಲ್ಲಿ ಬರುವುದನ್ನೆಲ್ಲ ಓದುತ್ತೇನೆ, ಒಂದಕ್ಷರ ಬರೆದವಳಲ್ಲ.

ಅಡ್ಮಿನ್ ಚನ್ನಬಸವರಾಜ ಬರೆದಿದ್ದರು: "ನಿನ್ನಿ ಸತ್ಯಾತ್ಮ ವ್ಯಾನಿನ ಮೆಟ್ಟಿಲಿಂದ ಬಿದ್ದು ಗದ್ದಕ್ಕ ಮೂರು ಹೊಲಿಗಿ ಹಾಕ್ಯಾರ. ಆಯಾ ಅಂಬಮ್ಮ ಅವನ ಕೈ ಹಿಡಿದಿರಲಿಲ್ಲ. ಇವತ್ತಿಂದ ಆಕೀನ ಬಿಡಿಸೋಣು. ಒಪ್ಪದವರು ಎಂಟರೊಳಗ ಬರೀರಿ. ಸುಮ್ಮನಿದ್ದವರು ಒಪ್ಪಿದಂಗ."

ಆಗ ಏಳೂ ನಲವತ್ತು.

ನಿನ್ನೆ ಸಂಜೆ ಜಡೆ ಬಿಚ್ಚುವಾಗ ನನ್ನ ಮಗಳು ಶ್ರೀಕೃತಿ ತಲೆ ತಗ್ಗಿಸಿಕೊಂಡೇ ಹೇಳಿದ್ದಳು. "ಅಮ್ಮಾ, ಸತ್ಯಾತ್ಮ ನನ್ನ ದಾಟಿ ಇಳಿಯಾಕ ಹೊಂಟಿದ್ದ. ನಾ ಅವನ ಬ್ಯಾಗ್ ಹಿಡದು ಜಗ್ಗಿದೆ, ಬಿದ್ದುಬಿಟ್ಟ." ಅಂಬಮ್ಮ ಆಗ ಎಲ್‌ಕೆಜಿಯ ಕೂಸನ್ನು ಎತ್ತಿ ಇಳಿಸುತ್ತಿದ್ದಳಂತೆ. "ಯಾರ ಮುಂದೂ ಹೇಳಬ್ಯಾಡ" ಎಂದಿದ್ದೆ. ಏಳು ವರ್ಷದ ಹುಡುಗಿ. ಹೋದ ವರ್ಷ ಯಾರನ್ನೋ ಕಚ್ಚಿದ ಒಬ್ಬ ಹುಡುಗನ ಬಗ್ಗೆ ಇದೇ ಗುಂಪು ಎರಡು ದಿನ ಬರೆದಿತ್ತು. ಕೊನೆಗೆ ಅವನ ತಾಯಿ ಅವನನ್ನು ವ್ಯಾನಿನಿಂದಲೇ ಬಿಡಿಸಿದಳು. ಅದನ್ನೂ ನಾನು ಸುಮ್ಮನೆ ಓದಿದ್ದೆ.

'ತಪ್ಪು ಅಂಬಮ್ಮನದಲ್ಲ' ಎಂದು ಬರೆದೆ. ಹಾಗಾದರೆ ಯಾರದು ಎಂದು ಕೇಳುತ್ತಾರೆ. ಅಳಿಸಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ.

"ಸುಪ್ರಜಾ ಮೇಡಂ ಟೈಪ್ ಮಾಡಾಕತ್ಯಾರ!" ಹನುಮೇಶ್ ಎನ್ನುವವರು ಬರೆದರು. "ಮೂರು ವರ್ಷಕ್ಕ ಮೊದಲನೇ ಸಲ. ಎಲ್ಲಾರೂ ಸುಮ್ಮನ ಕುಂದರ್ರಿ, ಕೇಳೋಣು."

ನಗುವ ಮುಖಗಳು ಸಾಲಾಗಿ ಬಂದವು. ಏನಾದರೊಂದು ಕಳಿಸಿ ಪಾರಾದರೆ ಸಾಕೆನಿಸಿ, ಕೈಮುಗಿದ ಚಿತ್ರ ಒತ್ತಿಬಿಟ್ಟೆ.

"ಮೇಡಂದೂ ಒಪ್ಪಿಗಿ ಬಂತು," ಎಂದರು ಚನ್ನಬಸವರಾಜ.

ಒಪ್ಪಿಗೆಯಲ್ಲ ಎನ್ನಲು ಇನ್ನೂ ಹನ್ನೊಂದು ನಿಮಿಷವಿತ್ತು. ನಾನು ಮಂಡಕ್ಕಿ ಹಿಂಡಲು ಹೋದೆ. ಅದು ಬೆರಳ ಸಂದಿಯಿಂದ ಗಂಜಿಯಾಗಿ ಸೋರಿತು. ಚೆಲ್ಲಿ, ಹೊಸದಾಗಿ ನೆನೆಸಿ, ಈರುಳ್ಳಿ ಹೆಚ್ಚಿ, ಡಬ್ಬಿ ತುಂಬುವಷ್ಟರಲ್ಲಿ ಎಂಟು ದಾಟಿತ್ತು.

ಎಂಟೂವರೆಗೆ ಗೇಟು ಸದ್ದಾಯಿತು. ಅಂಬಮ್ಮ. ವ್ಯಾನಿನ ಮೊದಲ ನಿಲ್ದಾಣ ನಮ್ಮ ಮನೆ. ಕುರುಗೋಡಿನ ಬಸ್ಸಿಳಿದು ದಿನಾ ಇಲ್ಲಿಯೇ ಹತ್ತುತ್ತಾಳೆ.

"ಅಕ್ಕಾರ, ಡ್ರೈವರ್ ಗಾದಿಲಿಂಗ ಫೋನ್ ಮಾಡಿ ಹತ್ತಬ್ಯಾಡ ಅಂದ. ಯಾಕಲೇ ಅಂದ್ರ ಗುಂಪಿನಾಗ ಬಂದೈತಿ ಅಂತಾನ. ನಂದು ಬಟನ್ ಫೋನು. ನೀವು ಅದರಾಗ ಅದೀರಲ್ಲ, ಏನು ಬರದಾರ ಸ್ವಲ್ಪ ಓದ್ರಿ."

ಓದಿದೆ. ಚನ್ನಬಸವರಾಜರದು, ಹೌದು ಹೌದು ಎಂದವರದು. ನನ್ನ ಕೈಮುಗಿದ ಚಿತ್ರ ಬಂದಾಗ ಬೆರಳಿನಿಂದ ಮೇಲಕ್ಕೆ ಸರಿಸಿದೆ.

"ಆಮ್ಯಾಲ?"

"ಅಷ್ಟೇ."

"ಮೂವತ್ತು ಮಂದ್ಯಾಗ ನನ್ನ ಕಡಿ ಒಬ್ರೂ ಇಲ್ಲೇನ್ರಿ?" ಎಂದು ನಕ್ಕಳು. ನಾನು ಫೋನಿನ ಪರದೆ ಆರಿಸಿದೆ.

ಅವಳು ರೂಢಿಯಂತೆ ಕುಕ್ಕರಗಾಲಲ್ಲಿ ಕೂತು, ಬಾಗಿಲಲ್ಲೇ ನಿಂತು ಎಲ್ಲ ಕೇಳುತ್ತಿದ್ದ ಶ್ರೀಕೃತಿಯ ಸಡಿಲಾಗಿದ್ದ ರಿಬ್ಬನ್ ಬಿಗಿದಳು. "ಹುಷಾರಾಗಿ ಇಳಿಯವ್ವಾ. ಇನ್ನ ಕೈ ಹಿಡಿಯಾಕ ನಾ ಇರೂದಿಲ್ಲ."

ಹೊರಗೆ ವ್ಯಾನಿನ ಹಾರ್ನ್ ಆಯಿತು. ಶ್ರೀಕೃತಿ ಕದಲಲಿಲ್ಲ. ಡಬ್ಬಿಯನ್ನು ಎದೆಗವುಚಿಕೊಂಡು ನನ್ನ ಕೈಯ ಫೋನನ್ನು ನೋಡಿದಳು. ನಾನು ಬೇಡವೆಂದು ಕಣ್ಣಲ್ಲೇ ಹೇಳಿದೆ.

"ಅಮ್ಮಾ," ಎಂದಳು, ಅಂಬಮ್ಮನ ಎದುರೇ, "ಜಗ್ಗಿದ್ದು ನಾನು ಅಂತ ಅದರಾಗ ನೀ ಯಾಕ ಬರೀಲಿಲ್ಲ?"