ನಲವತ್ತೊಂದನೆಯ ಸಾಲು

ಎಂಬತ್ತೆಂಟನೆಯ ಪ್ರಶ್ನೆಗೆ ಉತ್ತರದ ಗೋಲ ತುಂಬಲು ಹೊರಟ ಗಿಳಿರಾಯನ ಪೆನ್ನು ಎಂಬತ್ತೇಳನೆಯ ಸಾಲಿನ ಮೇಲೆ ನಿಂತುಬಿಟ್ಟಿತು. ಆ ಸಾಲು ಖಾಲಿಯಿತ್ತು. ಎಂಬತ್ತೇಳಕ್ಕೆ ಆಗಲೇ ಉತ್ತರ ತುಂಬಿದ್ದನಲ್ಲ!

ಗಿಳಿರಾಯ ಎಂಬುದು ಮುದ್ರಣಾಲಯದ ಗೆಳೆಯರು ಇಟ್ಟ ಹೆಸರು. ಕರಡು ತಿದ್ದುವುದು ಅವನ ಕಸುಬು. ಯಜಮಾನರ ಕೆಮ್ಮಿನಿಂದ ಹಿಡಿದು ಲಿಫ್ಟಿನ ಕಿರ್‍ರೆನ್ನುವ ಸದ್ದಿನವರೆಗೆ ಎಲ್ಲವನ್ನೂ ಅಣಕಿಸುವುದು ಚಾಳಿ. ಕಣ್ಣಿಲ್ಲದವರಿಗೆ ಪರೀಕ್ಷೆ ಬರೆದುಕೊಡುವ ಸ್ವಯಂಸೇವಕರು ಬೇಕೆಂದು ಊರಿನ ಸೇವಾಸಂಸ್ಥೆಯೊಂದು ಚೀಟಿ ಅಂಟಿಸಿತ್ತು. ಇವನು ಹೋದ.

"ಅವರು ಹೇಳಿದ್ದು ಬರೀಬೇಕು. ನಿಮಗೆ ಗೊತ್ತಿರೋದು ಬರೀಬಾರದು," ಎಂದಿದ್ದರು ಸಂಸ್ಥೆಯ ಹಿರಿಯಕ್ಕ.

"ನನಗೆ ಗೊತ್ತಿರೋದು ಅಂತ ಏನೂ ಇಲ್ಲ ಬಿಡಿ, ಆ ಭಯ ಬೇಡ," ಎಂದು ಅವರನ್ನು ನಗಿಸಿ ಬಂದಿದ್ದ.

ಈಗ ಪಕ್ಕದ ಕುರ್ಚಿಯಲ್ಲಿದ್ದವಳು ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಹಂಗಾಮಿ ಕೆಲಸ. ಕಾಯಂ ಹುದ್ದೆಗಾಗಿ ನೂರು ಪ್ರಶ್ನೆಗಳ ಈ ಪರೀಕ್ಷೆ. ವಯಸ್ಸಿನ ಮಿತಿ ದಾಟುತ್ತಿರುವುದರಿಂದ ಇದೇ ಕೊನೆಯದು. "ಇದು ಹೋದ್ರೆ ಹೋಯ್ತು ಅಣ್ಣಾ. ಬೇರೆಯವರ ಲೈನು ಜೋಡಿಸ್ತಾನೇ ನಾನು ಮುದುಕಿ ಆಗ್ಬೇಕು," ಎಂದು ಬೆಳಿಗ್ಗೆ ಗೇಟಿನ ಬಳಿ ಹೇಳಿದ್ದಳು.

ಅವನು ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಹಿಂದಕ್ಕೆ ಹೋದ. ನಲವತ್ತನೆಯ ಪ್ರಶ್ನೆಯನ್ನು ವಾರ್ತೆ ಓದುವವರ ಗತ್ತಿನಲ್ಲಿ ಓದಿದ್ದ. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕು, ನಲವತ್ತೊಂದನ್ನು ಆಮೇಲೆ ನೋಡೋಣ ಬಿಡಿ ಎಂದಿದ್ದಳು. ಅವನು ಪ್ರಶ್ನೆಯನ್ನೇನೋ ಬಿಟ್ಟಿದ್ದ, ಸಾಲನ್ನು ಬಿಟ್ಟಿರಲಿಲ್ಲ. ಅಲ್ಲಿಂದಾಚೆಗಿನ ನಲವತ್ತಾರು ಉತ್ತರಗಳೂ ಒಂದೊಂದು ಸಾಲು ಮೇಲಕ್ಕೆ ಹತ್ತಿ ಕುಳಿತಿದ್ದವು. ಶಾಯಿಯಲ್ಲಿ.

"ಎಂಬತ್ತೆಂಟಕ್ಕೆ ಸಿ. ಹಾಕಿದ್ರಾ?"

"ಹಾಕಿದೆ."

ಹಾಕಿದ್ದ, ಎಂಬತ್ತೇಳರ ಸಾಲಿನಲ್ಲಿ. ಅವಳಿಗೆ ಕಾಣುವುದಿಲ್ಲ. ಹಾಳೆ ನೋಡಿ ಅಂಕ ಹಾಕುವ ಯಂತ್ರ ಯಾರ ಹೆಸರನ್ನೂ ಹೇಳುವುದಿಲ್ಲ. ಫಲಿತಾಂಶ ಬಂದಾಗ ಅವಳು ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಾಳೆ, ಕೈಬರಹದವನನ್ನಲ್ಲ. ಎಂಬತ್ತೊಂಬತ್ತನ್ನು ಓದಿದ. ತೊಂಬತ್ತನ್ನೂ ಓದಿದ. ಎರಡನ್ನೂ ತಪ್ಪು ಸಾಲಿನಲ್ಲೇ ತುಂಬಿದ. ತೊಂಬತ್ತೊಂದಕ್ಕೆ ಬಾಯಿ ತೆರೆದವನು ಪೆನ್ನು ಕೆಳಗಿಟ್ಟ.

"ಮೇಡಂ, ಒಂದು ತಪ್ಪಾಗಿದೆ," ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದ.

ಅವಳ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದವು.

"ಎಷ್ಟು ಹೊತ್ತಿದೆ?"

"ಹದಿನಾರು ನಿಮಿಷ."

"ಹಾಗಾದ್ರೆ ಕೈ ಎತ್ತಿ."

ಮೇಲ್ವಿಚಾರಕರು ಬಂದು ನೋಡಿದರು. "ಏನ್ರೀ, ನಿಮ್ಮಿಬ್ಬರಲ್ಲಿ ಕಣ್ಣಿರೋದು ಯಾರಿಗೆ?" ಹೊಸ ಹಾಳೆಯನ್ನು ಒಂದು ಸಲ ಕೊಡಬಹುದು, ಹೆಚ್ಚಿನ ಸಮಯ ಕೊಡುವಂತಿಲ್ಲ. ಸಹಿ, ನೋಂದಣಿ ಸಂಖ್ಯೆ ಎಂದು ಎರಡು ನಿಮಿಷ ಕರಗಿದವು.

"ಸಂಖ್ಯೆ ನಾನು ಹೇಳ್ತೀನಿ, ಅಕ್ಷರ ನೀವು ಹೇಳಿ," ಎಂದಳು. "ಎರಡನ್ನೂ ನಿಮ್ಮ ಕೈಗೆ ಬಿಡಲ್ಲ."

"ಒಂದು." "ಬಿ." "ಎರಡು." "ಡಿ." ಹಳೆಯ ಹಾಳೆ ಎಡಗೈ ಕೆಳಗೆ, ಹೊಸದು ಬಲಗೈ ಕೆಳಗೆ. ಹಣೆಯ ಬೆವರು ಜಾರಿ ಹಾಳೆಯ ಅಂಚಿನ ಪಕ್ಕದಲ್ಲಿ ಬಿತ್ತು. ಒಂದು ಬೆರಳು ಈಚೆ ಬಿದ್ದಿದ್ದರೆ ಶಾಯಿ ಹರಡಿ ಯಂತ್ರ ಹಾಳೆಯನ್ನೇ ಒಪ್ಪುತ್ತಿರಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡ.

"ನಲವತ್ತೊಂದು. ಇದಕ್ಕೆ ಎ ಹಾಕಿಬಿಡಿ, ಯೋಚನೆ ಮಾಡೋಕೆ ಹೊತ್ತಿಲ್ಲ. ನಲವತ್ತೆರಡು. ಈಗ ಹಳೇದರಲ್ಲಿ ಒಂದು ಸಾಲು ಮೇಲೆ ನೋಡಿ."

ಗೋಲ ತುಂಬಿಸುತ್ತ ತುಂಬಿಸುತ್ತ ಹೆಬ್ಬೆರಳು ಮರಗಟ್ಟಿತು. ತೊಂಬತ್ತು ದಾಟಿದ ಮೇಲೆ ಹೊಸ ಪ್ರಶ್ನೆಗಳು. ಯಾವ ಗತ್ತೂ ಇಲ್ಲದೆ, ಬೆನ್ನಟ್ಟಿ ಬಂದವರಿಂದ ಓಡುವವನಂತೆ ಓದಿದ. ತೊಂಬತ್ತೊಂಬತ್ತರ ಮೂರನೆಯ ಆಯ್ಕೆ ಓದುತ್ತಿದ್ದಾಗ ಗಂಟೆ ಹೊಡೆಯಿತು. ಮೇಲ್ವಿಚಾರಕರು ಪೆನ್ನಿನ ಕೆಳಗಿನಿಂದಲೇ ಹಾಳೆ ಎಳೆದುಕೊಂಡರು.

ಪಡಸಾಲೆಯಲ್ಲಿ ಅವಳು ಮಡಚಿದ್ದ ಬಿಳಿ ಕೋಲನ್ನು ಬಿಡಿಸಿದಳು.

"ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಹೌದು."

"ಎಷ್ಟು ಹೊತ್ತು ಬಚ್ಚಿಟ್ಕೊಂಡಿದ್ರಿ?"

ಸುಳ್ಳು ಹೇಳಲು ಧೈರ್ಯ ಬೇಕಿತ್ತು; ಅದೂ ಅವನಲ್ಲಿ ಉಳಿದಿರಲಿಲ್ಲ. "ಎರಡು ಪ್ರಶ್ನೆ ಹೊತ್ತು."

"ಕೊನೇಲಿ ಉಳಿದಿದ್ದೂ ಎರಡೇ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆದರಿಸಿತು. "ಇಲ್ಲಿಂದ ಕೆಳಕ್ಕೆ ಮೆಟ್ಟಿಲು ಎಷ್ಟಿವೆ?"

ಅವನು ಎಣಿಸಿದ. ಮತ್ತೊಮ್ಮೆ ಎಣಿಸಿದ. "ಹನ್ನೊಂದು."

ಅವಳು ಕೋಲು ತಟ್ಟುತ್ತ, ತಾನೂ ಗಟ್ಟಿಯಾಗಿ ಎಣಿಸುತ್ತ ಇಳಿಯತೊಡಗಿದಳು. ಹನ್ನೊಂದು ಮುಗಿದು ಅವಳ ಕಾಲು ನೆಲಕ್ಕೆ ತಾಗುವವರೆಗೆ ಗಿಳಿರಾಯ ಉಸಿರಾಡಲಿಲ್ಲ.