ಅಪ್ಪ ತೊಡದ ಪದಕ

ಅಪ್ಪ ಸೈನ್ಯದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದರು. ಯುದ್ಧ ನಡೆದ ವರ್ಷ, ಶೆಲ್ಲುಗಳು ಬೀಳುತ್ತಿದ್ದ ಬೆಟ್ಟದ ದಾರಿಯಲ್ಲಿ ಹದಿನಾಲ್ಕು ಗಾಯಾಳುಗಳನ್ನು ತುಂಬಿಕೊಂಡು ಇಳಿದು ಬಂದರು. ಆಸ್ಪತ್ರೆ ಮುಟ್ಟುವಾಗ ಹನ್ನೊಂದು ಜನ ಉಸಿರಾಡುತ್ತಿದ್ದರು. ಅದಕ್ಕೊಂದು ಪದಕ ಬಂತು.

ಆ ಪದಕ ಅಮ್ಮನ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಅಣ್ಣ ಎಷ್ಟು ಗೋಗರೆದರೂ ಅಪ್ಪ ಹೊರಗೆ ತೆಗೆಯುತ್ತಿರಲಿಲ್ಲ. ಕಾರಣ ಅಮ್ಮನಿಗೆ ಮಾತ್ರ ಗೊತ್ತಿತ್ತು. ನಾನು ದೊಡ್ಡವಳಾದ ಮೇಲೆ ನನಗೆ ಹೇಳಿದಳು. ಸತ್ತ ಮೂವರಲ್ಲಿ ಒಬ್ಬ ಅಪ್ಪನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಗೆಳೆಯ. "ಗಾಡಿ ನಿಲ್ಸೋ, ಒಂದು ಗುಟುಕು ನೀರು ಕೊಡೋ" ಎಂದು ಹಿಂದಿನಿಂದ ಕೂಗುತ್ತಲೇ ಇದ್ದನಂತೆ. ನಿಲ್ಲಿಸಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ಅಪ್ಪ ನಿಲ್ಲಿಸಲಿಲ್ಲ. ಅರ್ಧ ದಾರಿಯಲ್ಲಿ ಕೂಗು ತಾನಾಗಿಯೇ ನಿಂತಿತು.

ನಿವೃತ್ತಿಯ ನಂತರ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಗಾಜಿನ ಬಾಗಿಲು ತೆಗೆಯುವುದು, ಬಂದವರಿಗೆಲ್ಲ ಸೆಲ್ಯೂಟ್ ಹೊಡೆಯುವುದು. ಒಂದು ದಿನ ಸಾಹುಕಾರರು ಕರೆದು, "ನಾಳೆಯಿಂದ ಆ ಮೆಡಲ್ ಹಾಕ್ಕೊಂಡು ನಿಂತ್ಕೊಳ್ರೀ. ಅಂಗಡಿಗೊಂದು ಕಳೆ ಬರುತ್ತೆ" ಅಂದರು.

"ಸೆಲ್ಯೂಟ್ ಎಷ್ಟು ಬೇಕಾದ್ರೂ ಹೊಡೀತೀನಿ ಸ್ವಾಮಿ. ಅದೊಂದು ಕೇಳ್ಬೇಡಿ."

ಮರುದಿನವೇ ಅಪ್ಪನನ್ನು ಹಿಂಬದಿಯ ಗೋದಾಮಿಗೆ ಹಾಕಿದರು. ಅಲ್ಲಿ ಕಿಟಕಿಯಿರಲಿಲ್ಲ. ಬಟ್ಟೆಯ ಧೂಳು ಕುಡಿಯುತ್ತ ಒಂಬತ್ತು ವರ್ಷ ನಿಂತರು. ಅಂಟಿದ ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಅದೇ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದ ಅಣ್ಣ, "ಅಪ್ಪಂಗೆ ಜಂಬ. ಅವರ ಹಟಕ್ಕೆ ನಾನೂ ಇದ್ದಲ್ಲೇ ಕೊಳೀತಿದೀನಿ" ಎಂದು ಗೊಣಗುತ್ತಿದ್ದ.

ಅಪ್ಪ ತೀರಿಕೊಂಡ ಎರಡು ವಾರಕ್ಕೆ ಸಾಹುಕಾರರು ಅಂಗಡಿಯಲ್ಲೇ ಸಂತಾಪ ಸಭೆ ಇಟ್ಟರು. ಬಾಗಿಲಲ್ಲಿ ಆಳೆತ್ತರದ ಬ್ಯಾನರ್. ಸಮವಸ್ತ್ರದ ಅಪ್ಪನ ಎದೆಯ ಮೇಲೆ ಯಾರೋ ಕಂಪ್ಯೂಟರಿನಲ್ಲಿ ಪದಕ ಅಂಟಿಸಿದ್ದರು. 'ನಮ್ಮ ಹೆಮ್ಮೆಯ ವೀರಯೋಧ' ಎಂಬುದಕ್ಕಿಂತ ಅಂಗಡಿಯ ಹೆಸರೇ ದಪ್ಪಗಿತ್ತು. ಒಳಗೆ ಮೇಜಿನ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ, ನಿಜವಾದ ಪದಕ.

ಅಮ್ಮ ಅಣ್ಣನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಟ್ರಂಕು ತೆಗೆದವರು ಯಾರೆಂದು ಕೇಳಬೇಕಾಗಲಿಲ್ಲ.

ಸಾಹುಕಾರರು ಮೈಕು ಹಿಡಿದು, "ಅವರು ನಮ್ಮ ಮನೆಯ ಹಿರಿಯರಿದ್ದ ಹಾಗೆ" ಅನ್ನುತ್ತಿದ್ದಂತೆ ಅಮ್ಮ ಎದ್ದು ನಿಂತಳು.

"ಬದುಕಿದ್ದಾಗ ಹಿಂದಕ್ಕೆ ತಳ್ಳಿದ್ರಿ. ಸತ್ತಮೇಲೆ ಬಾಗಿಲಿಗೆ ತಂದು ನಿಲ್ಲಿಸಿದ್ರಾ? ತೆಗೀರಿ ಅದನ್ನ."

"ಪಾಪ, ದುಃಖದಲ್ಲಿದಾರೆ" ಎಂದು ಸಾಹುಕಾರರು ಮೈಕಿನಲ್ಲೇ ಮರುಗಿದರು.

ಅಣ್ಣ ನನ್ನ ಕಿವಿಗೆ ಬಾಯಿ ತಂದು, "ಕೂರಿಸೇ ಅವಳನ್ನ. ನಾಳೆ ನನ್ನನ್ನ ಸೂಪರ್‌ವೈಸರ್ ಮಾಡ್ತಾರೆ. ಎಲ್ಲಾ ಮಣ್ಣುಪಾಲಾಗುತ್ತೆ" ಎಂದ.

ಎಲ್ಲರ ಕಣ್ಣೂ ನಮ್ಮ ಮೇಲಿತ್ತು. ನನಗೆ ನಾಚಿಕೆಯಾಯಿತು. ಅಮ್ಮನ ಕೈ ಹಿಡಿದು ಜಗ್ಗಿದೆ. ಅವಳು ಕೂತಳು.

ಅಣ್ಣ ಸೂಪರ್‌ವೈಸರ್ ಆದ. ಪದಕ ಅಂಗಡಿಯಲ್ಲೇ ಉಳಿಯಿತು. ಗಿರಾಕಿಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಮ್ಮ ಅವನ ಮನೆ ಬಿಟ್ಟು ನನ್ನ ಮನೆಗೆ ಬಂದಳು. ಬಂದ ದಿನ ಬಟ್ಟೆಗಂಟು ಕೆಳಗಿಡುತ್ತ ಒಂದೇ ಮಾತು ಕೇಳಿದಳು:

"ಅವನು ಮಾರ್ಕೊಂಡ, ಸರಿ. ನೀನ್ಯಾಕೆ ನನ್ನ ಕೈ ಎಳೆದೆ?"